ಹುಲಿಯ ಪರಿಮಳ, ಬೆಕ್ಕಿನ ನಾತ

ಬನ್ನೇರುಘಟ್ಟ ಆನೇಕಲ್ ತಾಲ್ಲೂಕಿಗೆ ಸೇರಿದ್ದು ಎಂಬುದು ಅಲ್ಲಿಗೆ ಸಫಾರಿಗೆ ಬರುವ ಎಷ್ಟೋ ಬೆಂಗಳೂರಿಗರಿಗೆ ಗೊತ್ತಿರುವುದಿಲ್ಲ. ಬಸ್ಸಿನ ಕಂಬಿ ಕಿಟಕಿಯಿಂದ ಹುಲಿಯನ್ನು ನೋಡುವಾಗ ಎಲ್ಲರ ಕಣ್ಣೂ ಅದರ ಮುಖದ ಮೇಲಿರುತ್ತದೆ. ಅದರ ಹಿಂಭಾಗವನ್ನೂ ಸ್ವಲ್ಪ ಗಮನಿಸಬೇಕು. ನಡೆಯುತ್ತಿದ್ದ ಹುಲಿ ಒಂದು ಮರದ ಬಳಿ ನಿಲ್ಲುತ್ತದೆ, ಬೊಡ್ಡೆಯನ್ನು ಮೂಸುತ್ತದೆ, ಆಮೇಲೆ ತಿರುಗಿ ಮರಕ್ಕೆ ಬೆನ್ನು ಕೊಟ್ಟು ಬಾಲವನ್ನು ನೆಟ್ಟಗೆ ಎತ್ತುತ್ತದೆ. ಸಣ್ಣ ಧಾರೆಯೊಂದು ಹಿಂದಕ್ಕೂ ಮೇಲಕ್ಕೂ ಚಿಮ್ಮಿ ತೊಗಟೆಗೆ ಬೀಳುತ್ತದೆ. ಹುಲಿ ಮುಂದಕ್ಕೆ ಹೋಗುತ್ತದೆ. ಇಷ್ಟೇ, ಕೆಲವೇ ಕ್ಷಣದ ಕೆಲಸ.

ಅದೇ ತಾಲ್ಲೂಕಿನ ಚಂದಾಪುರ, ಹೆಬ್ಬಗೋಡಿ, ಬೊಮ್ಮಸಂದ್ರದ ಅಪಾರ್ಟ್‌ಮೆಂಟುಗಳಲ್ಲಿ ಇದೇ ಭಂಗಿಯನ್ನು ಸಾಕುಬೆಕ್ಕುಗಳು ತೋರಿಸುತ್ತವೆ. ಮರದ ಬದಲು ಪರದೆ, ಫ್ರಿಜ್ಜಿನ ಮೂಲೆ, ವಾಷಿಂಗ್ ಮೆಷಿನ್, ಬಾಗಿಲ ಬಳಿಯ ಚಪ್ಪಲಿ ಸ್ಟ್ಯಾಂಡು. ಬೆಕ್ಕು ನಿಂತೇ ಇರುತ್ತದೆ, ಬಾಲ ಮೇಲೆದ್ದು ತುದಿಯಲ್ಲಿ ಸಣ್ಣಗೆ ನಡುಗುತ್ತದೆ, ಹಿಂಗಾಲುಗಳು ಒಂದೆರಡು ಸಲ ತುಳಿದಂತೆ ಆಡುತ್ತವೆ, ಉಚ್ಚೆ ಗೋಡೆಗೆ ಸಿಡಿಯುತ್ತದೆ. ಆ ನಾತ ಒಮ್ಮೆ ಹಿಡಿದರೆ ಬಟ್ಟೆ ಒಗೆದರೂ ಬಿಡದು, ನೆಲ ಒರೆಸಿದರೂ ಬಿಡದು. ಪಶುವೈದ್ಯರ ಮುಂದೆ ಕುಳಿತ ಮನೆಯವರ ಮಾತು ಹೆಚ್ಚುಕಡಿಮೆ ಒಂದೇ ರೀತಿ ಇರುತ್ತದೆ: "ಬೇಕೂಂತಲೇ ಮಾಡ್ತಾನೆ ಡಾಕ್ಟ್ರೇ. ನಾವು ಊರಿಗೆ ಹೋಗಿ ಬಂದ್ವಲ್ಲ, ಅದಕ್ಕೇ ಸೇಡು." "ಇಲ್ಲಮ್ಮ, ಅವನಿಗೆ ಸೇಡು ಗೊತ್ತಿಲ್ಲ" ಎಂದು ವೈದ್ಯರು ಹೇಳಿದರೂ ನಂಬುವುದು ಕಷ್ಟ. ಹೊಡೆತ ಬೀಳುತ್ತದೆ, ಬಾಲ್ಕನಿಯಲ್ಲಿ ಕೂಡಿಹಾಕುತ್ತಾರೆ, ಕೊನೆಗೆ ಒಂದು ದಿನ ಚೀಲದಲ್ಲಿ ತುಂಬಿ ಕೆರೆ ಏರಿಯ ಮೇಲೋ ಮೀನಿನ ಅಂಗಡಿಯ ಹಿಂದೆಯೋ ಬಿಟ್ಟು ಬರುತ್ತಾರೆ. ಮನೆಯಲ್ಲಿ ಬೆಳೆದ ಬೆಕ್ಕಿಗೆ ಅದು ಸಾವಿನ ದಾರಿ. ಹೀಗೆ ಮನೆ ಕಳೆದುಕೊಂಡ ಬೆಕ್ಕುಗಳ ಸಲುವಾಗಿಯೇ ಈ ಕತೆಯನ್ನು ಹೇಳಬೇಕೆನಿಸಿದ್ದು. ಈ ನಾತ ಎಲ್ಲಿಂದ ಬರುತ್ತದೆ, ಯಾರಿಗಾಗಿ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂದು ಬೇರೆ ಬೇರೆ ಊರುಗಳಲ್ಲಿ ಕುಳಿತು ಹುಡುಕಿದವರಿದ್ದಾರೆ. ಉತ್ತರ ಒಂದೇ ಸಲಕ್ಕೆ ಸಿಗಲಿಲ್ಲ. ಸಿಕ್ಕ ತುಂಡುಗಳು ಒಂದಕ್ಕೊಂದು ಸೇರಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಮೊದಲ ತುಂಡು ಸಿಕ್ಕಿದ್ದು ಬ್ರಿಟನ್ನಿನಲ್ಲಿ. ಮೂತ್ರದಲ್ಲಿರುವ ಅಮೈನೊ ಆಮ್ಲಗಳನ್ನು ಶೋಧಕ ಕಾಗದದ ಮೇಲೆ ಹರಿಸಿ ಬೇರ್ಪಡಿಸುವ ವಿಧಾನ ಆಗ ಹೊಸದು. ಪ್ರತಿ ಅಮೈನೊ ಆಮ್ಲವೂ ಕಾಗದದ ಮೇಲೆ ತನ್ನದೇ ಜಾಗದಲ್ಲಿ ಕಲೆಯಾಗಿ ನಿಲ್ಲುತ್ತದೆ. ಬೆಕ್ಕಿನ ಮೂತ್ರದಲ್ಲಿ ಮಾತ್ರ ಗೊತ್ತಿರುವ ಯಾವುದಕ್ಕೂ ಹೊಂದದ ಒಂದು ಕಲೆ ಕಾಣುತ್ತಿತ್ತು. ಆರ್. ಜಿ. ವೆಸ್ಟಾಲ್ ಎಂಬ ವಿಜ್ಞಾನಿ 1953ರಲ್ಲಿ ಅದನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿದರು. ಅದು ಗಂಧಕವಿದ್ದ ಹೊಸದೊಂದು ಅಮೈನೊ ಆಮ್ಲ. ಫೆಲಿನೀನ್ ಎಂದು ಹೆಸರಾಯಿತು. ವಿಚಿತ್ರವೆಂದರೆ ಆ ಫೆಲಿನೀನಿಗೆ ಹೇಳಿಕೊಳ್ಳುವಂಥ ವಾಸನೆಯೇ ಇರಲಿಲ್ಲ. ಬೆಕ್ಕಿನ ದೇಹ ಇದನ್ನು ಯಾಕೆ ತಯಾರಿಸುತ್ತದೆ, ಅದೂ ಮಾಂಸದಿಂದ ಕಷ್ಟಪಟ್ಟು ಪಡೆದ ಗಂಧಕವನ್ನು ಹೀಗೆ ಹೊರಗೆ ಸುರಿಯುವುದೇಕೆ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು. ನ್ಯೂಜಿಲೆಂಡಿನ ಮ್ಯಾಸಿ ವಿಶ್ವವಿದ್ಯಾಲಯದಲ್ಲಿ ವೌಟರ್ ಹೆಂಡ್ರಿಕ್ಸ್ ಮತ್ತು ಸಂಗಡಿಗರು 1995ರಲ್ಲಿ ಅಳೆದು ನೋಡಿದಾಗ ಒಂದು ಸುಳಿವು ಕಂಡಿತು: ಬೀಜ ತೆಗೆಯದ ಗಂಡು ಬೆಕ್ಕು ದಿನಕ್ಕೆ ಸುಮಾರು 95 ಮಿಲಿಗ್ರಾಂ ಫೆಲಿನೀನ್ ಹೊರಹಾಕಿದರೆ, ಹೆಣ್ಣು ಹೊರಹಾಕುವುದು 19 ಮಿಲಿಗ್ರಾಂನಷ್ಟು ಮಾತ್ರ.

ಈ ನಡುವೆ ಹುಲಿಯ ಕಡೆಯಿಂದಲೂ ಹುಡುಕಾಟ ನಡೆದಿತ್ತು. ಅದು ನಡೆದದ್ದು ನಮ್ಮ ದೇಶದಲ್ಲಿ. ನನಗೆ ಈ ಇಡೀ ಕತೆಯಲ್ಲಿ ಅತಿ ಪ್ರಿಯವಾದ ಭಾಗವೂ ಅದೇ.

ಜಾರ್ಜ್ ಶಾಲರ್ 1963ರಿಂದ 65ರವರೆಗೆ ಮಧ್ಯಪ್ರದೇಶದ ಕಾನ್ಹಾದಲ್ಲಿ ಹುಲಿಗಳನ್ನು ಹಿಂಬಾಲಿಸಿ 1967ರಲ್ಲಿ ಪುಸ್ತಕ ಬರೆದಾಗ, ಹುಲಿ ಮರಗಳಿಗೆ ಚಿಮ್ಮಿಸುವ ದ್ರವ ಒಂದು ಬಗೆಯ ಸಂದೇಶ ಎಂಬುದು ಸ್ಪಷ್ಟವಾಗಿತ್ತು. ಆದರೆ ಆ ದ್ರವ ಏನು? ಗುದದ ಪಕ್ಕದ ಗ್ರಂಥಿಗಳ ಸ್ರಾವ ಅದರಲ್ಲಿ ಬೆರೆತಿರುತ್ತದೆ, ವಾಸನೆ ಅದರಿಂದಲೇ ಬರುತ್ತದೆ ಎಂಬ ನಂಬಿಕೆ ವ್ಯಾಪಕವಾಗಿತ್ತು. ಖಚಿತಪಡಿಸಿಕೊಳ್ಳುವುದು ಹೇಗೆ? ಕಾಡಿನ ಹುಲಿಯ ಬಾಲದ ಕೆಳಗೆ ಬಟ್ಟಲು ಹಿಡಿಯುವವರಾರು?

ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನವಾದ 1974ನೇ ಇಸವಿಯಲ್ಲೇ, ಅಕ್ಟೋಬರ್ ತಿಂಗಳಲ್ಲಿ, ಒಡಿಶಾದ ಸಿಮ್ಲಿಪಾಲ್ ಕಾಡಿನ ಖೈರಿ ಹೊಳೆಯ ಬಳಿ ಅಲ್ಲಿನ ಬುಡಕಟ್ಟು ಜನರಿಗೆ ಒಂದು ಹೆಣ್ಣು ಹುಲಿಮರಿ ಸಿಕ್ಕಿತು. ಅವರು ಅದನ್ನು ಅಲ್ಲಿನ ಹುಲಿ ಯೋಜನೆಯ ಮುಖ್ಯಸ್ಥ ಸರೋಜ್ ರಾಜ್ ಚೌಧರಿಯವರಿಗೆ ತಂದೊಪ್ಪಿಸಿದರು. ಚೌಧರಿ ಅದನ್ನು ಜಶಿಪುರದ ತಮ್ಮ ಮನೆಯಲ್ಲಿ ಬೆಳೆಸಿದರು. ಹೊಳೆಯ ಹೆಸರೇ ಅವಳ ಹೆಸರಾಯಿತು. ಖೈರಿಯನ್ನು ಸರಪಳಿಯಲ್ಲಿ ಕಟ್ಟಲಿಲ್ಲ, ಪಂಜರದಲ್ಲಿಡಲಿಲ್ಲ. ಅವಳು 1981ರಲ್ಲಿ ಸಾಯುವವರೆಗೆ ಮನೆಯಲ್ಲಿ ಓಡಾಡಿಕೊಂಡಿದ್ದಳು. ಬೆಳೆದಂತೆ ಕಾಡಿನ ಹುಲಿಯ ಎಲ್ಲ ನಡತೆಯೂ ಅವಳಲ್ಲಿ ತಾನಾಗಿ ಬಂತು. ಕಲಿಸಿಕೊಡಲು ತಾಯಿ ಇರಲಿಲ್ಲ. ಆದರೂ ಅವಳು ಗಿಡಗಳ ಮುಂದೆ ತಿರುಗಿ ನಿಂತು ಬಾಲ ಎತ್ತಿದಳು.

ಕಲ್ಕತ್ತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನಲ್ಲಿದ್ದ ರತನ್‌ಲಾಲ್ ಬ್ರಹ್ಮಚಾರಿ ಖೈರಿಯನ್ನು ನೋಡಲು ಬಂದದ್ದು ಹೀಗೆ. 1932ರಲ್ಲಿ ಢಾಕಾದಲ್ಲಿ ಹುಟ್ಟಿದ ಅವರು ಓದಿದ್ದು ಭೌತಶಾಸ್ತ್ರ, ಸತ್ಯೇಂದ್ರನಾಥ ಬೋಸರ ಶಿಷ್ಯರು. ಆದರೆ ಅವರ ಮನಸ್ಸು ಜೀವಿಗಳ ಕಡೆ ತಿರುಗಿತ್ತು. ಕಾಡಿನಲ್ಲಿ ಅಸಾಧ್ಯವಾಗಿದ್ದ ಕೆಲಸ ಜಶಿಪುರದ ಅಂಗಳದಲ್ಲಿ ಸಾಧ್ಯವಾಯಿತು. ಖೈರಿ ಚಿಮ್ಮಿಸಿದ ದ್ರವವನ್ನು ಸಂಗ್ರಹಿಸಬಹುದಿತ್ತು; ಅವಳು ಕುಳಿತು ಮಾಡುವ ಸಾಮಾನ್ಯ ಮೂತ್ರವನ್ನೂ, ನಿಂತು ಚಿಮ್ಮಿಸುವ ದ್ರವವನ್ನೂ ಹತ್ತಿರದಿಂದ ನೋಡಿ ಹೋಲಿಸಬಹುದಿತ್ತು. ಬ್ರಹ್ಮಚಾರಿ ಮತ್ತು ಜ್ಯೋತಿರ್ಮಯ ದತ್ತ 1979ರಲ್ಲಿ ಆ ದ್ರವದಲ್ಲಿ ಫೀನೈಲ್‌ಎಥಿಲಮೀನ್ ಎಂಬ ವಸ್ತುವನ್ನು ಗುರುತಿಸಿದರು. ದ್ರವ ಬರುವುದು ಗುದಗ್ರಂಥಿಯಿಂದಲ್ಲ, ಮೂತ್ರದ ದಾರಿಯಿಂದಲೇ ಎಂದು ಅವರು ವಾದಿಸಿದರು. ಅದರಲ್ಲಿ ಜಿಡ್ಡಿನ ಅಂಶ ಬಹಳವಿತ್ತು. ಬೇಗ ಹಾರಿಹೋಗಬೇಕಾದ ವಾಸನೆಯನ್ನು ಈ ಜಿಡ್ಡು ಹಿಡಿದಿಟ್ಟುಕೊಳ್ಳುತ್ತದೆ, ಅತ್ತರಿಗೆ ಗಂಧದೆಣ್ಣೆ ಬೆರೆಸಿದ ಹಾಗೆ. ಈ ಜಿಡ್ಡಿನ ಕೆಲಸವನ್ನು ಮುಂದೆ ವಿವರವಾಗಿ ಬಿಡಿಸಿದವರು ಅವರ ಜೊತೆ ದುಡಿದ ಮೌಸುಮಿ ಪೊದ್ದಾರ್-ಸರ್ಕಾರ್.

ಮತ್ತೊಂದು ಸಂಗತಿ ಬ್ರಹ್ಮಚಾರಿಯವರ ಮೂಗಿಗೆ ತಾಗಿತ್ತು. ಹುಲಿಯ ದ್ರವದಲ್ಲಿ ಪರಿಮಳದ ಅಕ್ಕಿ ಕುದಿಯುವಾಗಿನ ವಾಸನೆ! ಬಾಸುಮತಿಯ ಘಮಕ್ಕೆ ಕಾರಣವಾದ ವಸ್ತು 2-ಅಸಿಟೈಲ್-1-ಪೈರೊಲೀನ್ ಎಂದು 1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ರಾನ್ ಬಟರಿ ಮತ್ತು ಸಂಗಡಿಗರು ಕಂಡುಕೊಂಡಿದ್ದರು. ಕರಾವಳಿಯ ಅಡುಗೆಯ ರಂಬೆ ಎಲೆಯಲ್ಲಿರುವುದೂ ಅದೇ. ಹುಲಿಯ ದ್ರವದಲ್ಲೂ ಅದಿದೆ ಎಂದು ಬ್ರಹ್ಮಚಾರಿ, ಸರ್ಕಾರ್, ದತ್ತ ಮೂವರೂ 1990ರಲ್ಲಿ 'ನೇಚರ್' ಪತ್ರಿಕೆಗೆ ಬರೆದ ಚಿಕ್ಕ ಟಿಪ್ಪಣಿಯಲ್ಲಿ ತಿಳಿಸಿದರು. ಆಮೇಲೆ ಬೇರೆ ಪ್ರಯೋಗಾಲಯಗಳು ಹುಲಿಯ ದ್ರವದಲ್ಲಿ ಹತ್ತಾರು ವಸ್ತುಗಳನ್ನು ಪಟ್ಟಿಮಾಡಿವೆ. ದೊಡ್ಡ ಉಪಕರಣಗಳಿಲ್ಲದ ಕಾಲದಲ್ಲಿ, ಮೂಗನ್ನು ನಂಬಿ, ಒಂದು ಹುಲಿಯ ವಿಶ್ವಾಸವನ್ನು ನಂಬಿ ಕೆಲಸ ಮಾಡಿದ ಬ್ರಹ್ಮಚಾರಿ 2018ರಲ್ಲಿ ತೀರಿಕೊಂಡರು. ನಮ್ಮ ಶಾಲಾ ಪುಸ್ತಕಗಳಲ್ಲಿ ಅವರ ಹೆಸರು ಇರಬೇಕಿತ್ತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಹುಲಿ ಯಾರಿಗಾಗಿ ಇಷ್ಟು ಕಷ್ಟಪಡುತ್ತದೆ ಎಂಬುದಕ್ಕೆ ನೇಪಾಳದ ಚಿತ್ವನ್ ಕಾಡಿನಲ್ಲಿ ಉತ್ತರ ಸಿಕ್ಕಿತು. ಡೇವಿಡ್ ಸ್ಮಿತ್, ಚಾರ್ಲ್ಸ್ ಮೆಕ್‌ಡೂಗಲ್, ಡೇಲ್ ಮಿಕೆಲ್ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹುಲಿಗಳು ಗಡಿಯಲ್ಲಿ ಹೆಚ್ಚು ಗುರುತು ಹಾಕುವುದೂ, ಬೆದೆಗೆ ಬರುವ ಮುಂಚಿನ ದಿನಗಳಲ್ಲಿ ಹೆಣ್ಣು ಹುಲಿ ಅದನ್ನು ಹೆಚ್ಚಿಸುವುದೂ ಕಂಡಿತು. ಪಕ್ಕದ ಹುಲಿಗೆ 'ಇಲ್ಲಿ ನಾನಿದ್ದೇನೆ' ಎಂದು ಮುಖಾಮುಖಿಯಾಗದೆ ತಿಳಿಸುವ ದಾರಿ ಇದು. ಮುಖಾಮುಖಿಯಾದರೆ ಒಂದು ಸಾಯಬಹುದು, ಗುರುತಿದ್ದರೆ ಎರಡೂ ಬದುಕುತ್ತವೆ. ಬಂದ ಹುಲಿ ಮೂಸಿ, ಮೇಲ್ದುಟಿ ಎತ್ತಿ, ಬಾಯಿ ಅರೆ ತೆರೆದು ಮುಖ ಸಿಂಡರಿಸುತ್ತದೆ. ಅಸಹ್ಯದಿಂದಲ್ಲ. ಬಾಯಿಯ ಅಂಗುಳಿನಲ್ಲಿ ಸಣ್ಣ ತೂತುಗಳಿವೆ, ಅದರ ಮೂಲಕ ವಾಸನೆ ಜಾಕಬ್‌ಸನ್ ಅಂಗಕ್ಕೆ ಏರುತ್ತದೆ. ಡೆನ್ಮಾರ್ಕಿನ ಲುಡ್ವಿಗ್ ಜಾಕಬ್‌ಸನ್ 1813ರಲ್ಲಿ ಸಾಕುಪ್ರಾಣಿಗಳಲ್ಲಿ ಇದನ್ನು ವರ್ಣಿಸಿದ್ದ. ನಿಮ್ಮ ಮನೆಯ ಬೆಕ್ಕು ನಿಮ್ಮ ಹೊರಗಿನ ಶೂ ಮೂಸಿ ಬಾಯಿ ತೆರೆದು ನಿಂತಿತೆಂದರೆ ಅದೂ ಅದನ್ನೇ ಮಾಡುತ್ತಿದೆ.

ಇನ್ನು ಬೆಕ್ಕಿಗೆ ಮರಳೋಣ. ಜಪಾನಿನ ಉತ್ತರಕ್ಕೆ ಮೊರಿಯೊಕಾ ಎಂಬ ಊರಿದೆ, ಅಲ್ಲಿನದು ಇವಾತೆ ವಿಶ್ವವಿದ್ಯಾಲಯ. ಮಸಾವೊ ಮಿಯಾಜಾಕಿ ಅಲ್ಲಿ ಕೈಗೆತ್ತಿಕೊಂಡ ಪ್ರಶ್ನೆಗೂ ನಾತಕ್ಕೂ ಸಂಬಂಧವೇ ಇರಲಿಲ್ಲ. ಮನುಷ್ಯನ ಅಥವಾ ನಾಯಿಯ ಮೂತ್ರದಲ್ಲಿ ಪ್ರೋಟೀನು ಕಂಡರೆ ವೈದ್ಯರಿಗೆ ಗಾಬರಿ, ಮೂತ್ರಪಿಂಡ ಕೆಟ್ಟಿದೆಯೆಂದು ಅದರರ್ಥ. ಬೆಕ್ಕಿನಲ್ಲಿ ಆ ಪರೀಕ್ಷೆ ಕೈಕೊಡುತ್ತಿತ್ತು. ಆರೋಗ್ಯವಾಗಿ ಜಿಗಿಯುವ ಬೆಕ್ಕಿನ ಮೂತ್ರದಲ್ಲೂ ಪ್ರೋಟೀನು ಧಾರಾಳವಾಗಿರುತ್ತಿತ್ತು. ಪ್ರೋಟೀನನ್ನು ದೇಹದೊಳಗೇ ಉಳಿಸುವುದು ಮೂತ್ರಪಿಂಡದ ಕೆಲಸ. ಬೆಕ್ಕಿನ ಮೂತ್ರಪಿಂಡ ತನ್ನ ಕೆಲಸಕ್ಕೆ ವಿರುದ್ಧವಾಗಿ ಯಾಕೆ ನಡೆಯುತ್ತಿದೆ?

ಮಿಯಾಜಾಕಿ ಮತ್ತು ಸಂಗಡಿಗರು ಆ ಪ್ರೋಟೀನುಗಳನ್ನು ಬೇರ್ಪಡಿಸಿದಾಗ ಬಹುಪಾಲು ಒಂದೇ ಪ್ರೋಟೀನಾಗಿತ್ತು. ಅದು ರಕ್ತದಿಂದ ಸೋರಿ ಬಂದದ್ದಲ್ಲ, ಮೂತ್ರಪಿಂಡದ ನಾಳಗಳ ಜೀವಕೋಶಗಳೇ ತಯಾರಿಸಿ ಮೂತ್ರಕ್ಕೆ ಬಿಡುತ್ತಿದ್ದುದು. 2003ರಲ್ಲಿ ಅವರು ಅದಕ್ಕೆ ಕಾಕ್ಸಿನ್ ಎಂದು ಹೆಸರಿಟ್ಟರು. ರಚನೆ ನೋಡಿದರೆ ಅದೊಂದು ಕಿಣ್ವ, ಅಂದರೆ ಯಾವುದನ್ನೋ ಕತ್ತರಿಸುವ ಕೆಲಸದವನು. ಆದರೆ ಯಾವುದನ್ನು? ಮೂತ್ರಕೋಶದೊಳಗೆ ಕತ್ತರಿಸಬೇಕಾದದ್ದು ಏನಿದೆ?

ಹಳೆಯ ಫೆಲಿನೀನ್ ಮತ್ತೆ ಕತೆಯೊಳಕ್ಕೆ ಬಂದದ್ದು ಇಲ್ಲಿ. ಕಾಕ್ಸಿನ್ ಪ್ರಮಾಣ ಬೀಜ ತೆಗೆಯದ ಗಂಡು ಬೆಕ್ಕಿನಲ್ಲಿ ಬಹಳ ಹೆಚ್ಚು, ಹೆಣ್ಣಿನಲ್ಲೂ ಬೀಜ ತೆಗೆದ ಗಂಡಿನಲ್ಲೂ ಕಡಿಮೆ. ಮರಿಗಳಲ್ಲಿ ಸುಮಾರು ಮೂರು ತಿಂಗಳಾಗುವವರೆಗೆ ಕಾಣಿಸುವುದಿಲ್ಲ, ಆಮೇಲೆ ಏರತೊಡಗುತ್ತದೆ. ಫೆಲಿನೀನ್ ಕೂಡ ಇದೇ ಹಾದಿ ಹಿಡಿದು ಏರುತ್ತದೆ. ಎರಡೂ ಒಟ್ಟಿಗೆ ಏರುವುದು ಆಕಸ್ಮಿಕವಾಗಿರಲಾರದು. ಪಿತ್ತಜನಕಾಂಗದಲ್ಲಿ ಗ್ಲುಟಾಥಯೋನ್ ಎಂಬ ಗಂಧಕಯುಕ್ತ ವಸ್ತುವಿನಿಂದ ಹೊರಟ ಸರಪಳಿ ಮೂತ್ರಪಿಂಡ ತಲುಪುವ ಹೊತ್ತಿಗೆ ಒಂದು ಸಣ್ಣ ಪೆಪ್ಟೈಡ್ ಆಗಿರುತ್ತದೆ. ಕಾಕ್ಸಿನ್ ಆ ಪೆಪ್ಟೈಡನ್ನು ಕತ್ತರಿಸುತ್ತದೆ: ಒಂದು ತುಂಡು ಗ್ಲೈಸೀನ್, ಇನ್ನೊಂದು ಫೆಲಿನೀನ್. 2006ರಲ್ಲಿ ಇದು ಪ್ರಕಟವಾಯಿತು. ಹೊರಗೆ ಬಿದ್ದ ಫೆಲಿನೀನ್ ನಿಧಾನವಾಗಿ ಒಡೆದು ಗಂಧಕದ ಥಯಾಲ್‌ಗಳಾಗುತ್ತದೆ. ನಮ್ಮ ಮೂಗಿಗೆ ಗಂಡು ಬೆಕ್ಕಿನ ಗಬ್ಬು ನಾತ ಎಂದು ಅನ್ನಿಸುವುದು ಅವುಗಳ ವಾಸನೆಯೇ. ವಾಸನೆಯಿಲ್ಲದ ಫೆಲಿನೀನ್ ಗೋಡೆಯ ಮೇಲೆ ಕುಳಿತು ದಿನಗಟ್ಟಲೆ ಸ್ವಲ್ಪಸ್ವಲ್ಪವೇ ನಾತ ಬಿಡುತ್ತಿರುತ್ತದೆ. ಒರೆಸಿದ ಮೇಲೂ ಮೂರನೆಯ ದಿನ ನಾತ ಮತ್ತೆ ಎದ್ದು ಬರುವುದಕ್ಕೆ ಇದೇ ಕಾರಣ, ಬೆಕ್ಕು ಮತ್ತೆ ಬಂದು ಮಾಡಿದೆ ಎಂದು ಅದನ್ನು ಹೊಡೆಯಬೇಕಿಲ್ಲ.

ಹುಲಿ-ಸಿಂಹಗಳ ವಂಶದಲ್ಲಿ ಫೆಲಿನೀನ್ ಸಿಕ್ಕಿಲ್ಲ. ಕಾಕ್ಸಿನ್ ಮಾತ್ರ ದೊಡ್ಡ ಬೆಕ್ಕುಗಳ ಮೂತ್ರದಲ್ಲೂ ಇದೆ ಎಂದು ಬ್ರಿಟನ್ನಿನ ಲಿವರ್‌ಪೂಲಿನ ಸಂಶೋಧಕರು 2007ರಲ್ಲಿ ತೋರಿಸಿದರು. ಬನ್ನೇರುಘಟ್ಟದ ಹುಲಿಗೂ ಬೊಮ್ಮಸಂದ್ರದ ಬೆಕ್ಕಿಗೂ ಪದಾರ್ಥ ಬೇರೆ, ನಡತೆ ಒಂದೇ.

ವೈದ್ಯರಿಗೆ ಬೇಕಾಗಿದ್ದ ಉತ್ತರ ಮಾತ್ರ ಬೇರೆ: ಇದನ್ನು ನಿಲ್ಲಿಸುವುದು ಹೇಗೆ? ಆ ದಾರಿಯಲ್ಲಿ ಅತಿ ದೂರ ನಡೆದವರು ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿದ್ದ ಬೆಂಜಮಿನ್ ಹಾರ್ಟ್. ಆನೇಕಲ್ಲಿನ ರೈತನಿಗೆ ಹೋರಿಯ ಬೀಜ ಒಡೆಸಿದರೆ ಅದು ತಣ್ಣಗಾಗುತ್ತದೆ ಎಂದು ತಲೆಮಾರುಗಳಿಂದ ಗೊತ್ತು. ಬೆಕ್ಕಿನಲ್ಲೂ ಹಾಗೇ ಆಗುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು, ಎಣಿಸಿ ನೋಡಿದವರು ಕಡಿಮೆ. ಹಾರ್ಟ್ ಮತ್ತು ಬ್ಯಾರೆಟ್ 1973ರಲ್ಲಿ, ದೊಡ್ಡವಾದ ಮೇಲೆ ಬೀಜ ತೆಗೆಸಿಕೊಂಡ 42 ಗಂಡು ಬೆಕ್ಕುಗಳ ಬಗ್ಗೆ ಮನೆಯವರಿಂದ ವಿವರ ಪಡೆದು ಲೆಕ್ಕ ಹಾಕಿದರು. ಚಿಮ್ಮಿಸುತ್ತಿದ್ದ ಬೆಕ್ಕುಗಳಲ್ಲಿ ಶೇ. 78ರಷ್ಟು ಬೇಗನೆ ಬಿಟ್ಟಿದ್ದವು, ಇನ್ನು ಶೇ. 9ರಷ್ಟು ನಿಧಾನವಾಗಿ ಬಿಟ್ಟಿದ್ದವು. ಉಳಿದವು ಬಿಡಲಿಲ್ಲ. 1984ರಲ್ಲಿ ಹಾರ್ಟ್ ಮತ್ತು ಕೂಪರ್ ಪ್ರಾಯಕ್ಕೆ ಬರುವ ಮುಂಚೆಯೇ ಆಪರೇಷನ್ ಆದ ಬೆಕ್ಕುಗಳನ್ನು ನೋಡಿದರು. ಅವುಗಳಲ್ಲೂ ಗಂಡಿನಲ್ಲಿ ಶೇ. 10ರಷ್ಟು, ಹೆಣ್ಣಿನಲ್ಲಿ ಶೇ. 5ರಷ್ಟು ಮುಂದೆ ಚಿಮ್ಮಿಸಿದ್ದವು.

ಈ ಹತ್ತನೆಯ ಒಂದು ಭಾಗದಲ್ಲೇ ಮುಂದಿನ ಕತೆಯೆಲ್ಲ ಇದೆ. ಹಾರ್ಮೋನು ಇಳಿದ ಮೇಲೂ ಉಳಿಯುವ ನಡತೆಗೆ ಬೇರೆ ಕಾರಣವಿರಲೇಬೇಕು. ಅದನ್ನು ಅರಿಯುವ ಮುಂಚೆ ಬೆಕ್ಕುಗಳು ಬಹಳ ಅನುಭವಿಸಿದವು. ಪ್ರೊಜೆಸ್ಟಿನ್ ಹಾರ್ಮೋನು ಕೊಟ್ಟು ನೋಡಿದರು, ಅದರ ಅಡ್ಡಪರಿಣಾಮಗಳು ಸಣ್ಣವಾಗಿರಲಿಲ್ಲ. 1981ರಲ್ಲಿ ಪ್ರಕಟವಾದ ಒಂದು ವರದಿಯಲ್ಲಿ, ಮೂಗಿನಿಂದ ಮಿದುಳಿಗೆ ವಾಸನೆ ಒಯ್ಯುವ ನರದ ಹಾದಿಯನ್ನೇ ಕತ್ತರಿಸಿ ನೋಡಿದ ವಿವರವಿದೆ. ಓದುವಾಗ ಸಂಕಟವಾಗುತ್ತದೆ. ಆಮೇಲೆ ಡಯಜೆಪಾಮ್ ಬಂತು, ಅನೇಕ ಬೆಕ್ಕುಗಳಿಗೆ ಗುಣ ಕೊಟ್ಟಿತು, ಆದರೆ ಬಾಯಿಯ ಮೂಲಕ ಕೊಟ್ಟ ಡಯಜೆಪಾಮ್‌ನಿಂದ ಪಿತ್ತಜನಕಾಂಗ ಪೂರ್ತಿ ಕುಸಿದ 11 ಬೆಕ್ಕುಗಳ ವರದಿ 1996ರಲ್ಲಿ ಪ್ರಕಟವಾಯಿತು. 2001ರಲ್ಲಿ ಪ್ಯಾಟ್ರಿಷಿಯಾ ಪ್ರಯರ್ ಮತ್ತು ಹಾರ್ಟ್ ಮೊದಲಾದವರು ಫ್ಲುಆಕ್ಸೆಟೀನ್ ಕೊಟ್ಟು ನೋಡಿದಾಗ ಚಿಮ್ಮಿಸುವುದು ಸ್ಪಷ್ಟವಾಗಿ ಇಳಿಯಿತು. ಮನುಷ್ಯರ ಖಿನ್ನತೆಗೂ ಆತಂಕಕ್ಕೂ ಕೊಡುವ ಔಷಧವದು. ಬೆಕ್ಕಿನ ಆತಂಕ ತಗ್ಗಿದರೆ ಗೋಡೆ ಒಣಗಿರುತ್ತದೆ ಎಂದಾಯಿತು. ಸೇಡು ಎಂಬ ಮಾತಿಗೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕೆ?

ಅದೇ ವರ್ಷ ಅದೇ ಗುಂಪು ಔಷಧವಿಲ್ಲದೆ ಇನ್ನೊಂದು ಪ್ರಯೋಗ ಮಾಡಿತು. ಚಿಮ್ಮಿಸುವ ಬೆಕ್ಕುಗಳ ಮನೆಯವರಿಗೆ ಲಿಟರ್ ಬಾಕ್ಸ್ ಪ್ರತಿದಿನ ಸ್ವಚ್ಛ ಮಾಡಲು, ಬೆಕ್ಕುಗಳಿಗಿಂತ ಒಂದು ಬಾಕ್ಸ್ ಹೆಚ್ಚು ಇಡಲು, ಚಿಮ್ಮಿಸಿದ ಜಾಗವನ್ನು ಕಿಣ್ವವಿರುವ ದ್ರವದಿಂದ ತೊಳೆಯಲು ಹೇಳಿದರು. ಇಷ್ಟಕ್ಕೇ ಗುರುತು ಹಾಕುವುದು ಇಳಿಯಿತು, ಹೆಣ್ಣು ಬೆಕ್ಕುಗಳಲ್ಲಿ ಇನ್ನೂ ಚೆನ್ನಾಗಿ. ಫ್ರಾನ್ಸಿನ ಪ್ಯಾಟ್ರಿಕ್ ಪಾಜಾ ಬೇರೊಂದು ದಿಕ್ಕಿನಿಂದ ಬಂದರು. ಬೆಕ್ಕು ಕೆನ್ನೆ ಉಜ್ಜಿದ ಜಾಗದಲ್ಲಿ ಉಚ್ಚೆ ಚಿಮ್ಮಿಸುವುದಿಲ್ಲ ಎಂಬುದನ್ನು ಗಮನಿಸಿ, ಕೆನ್ನೆಯ ಸ್ರಾವದ ಒಂದು ಭಾಗವನ್ನು ಕೃತಕವಾಗಿ ತಯಾರಿಸಿದರು. ಫೆಲಿವೇ ಎಂದು ಮಾರಾಟವಾಗುವುದು ಅದು. ಕೆಲವು ಮನೆಗಳಲ್ಲಿ ಉಪಯೋಗಕ್ಕೆ ಬರುತ್ತದೆ, ಕೆಲವು ಕಡೆ ಇಲ್ಲ. ಬೆಲೆಯೂ ಕಡಿಮೆಯಲ್ಲ. ಮೊದಲು ಮನೆಯನ್ನು ನೋಡಿ, ಆಮೇಲೆ ಅದನ್ನು ಕೊಳ್ಳಿ ಎಂಬುದು ನನ್ನ ಮಾತು.

ಮನೆಯನ್ನು ನೋಡುವುದೆಂದರೆ ಈ ಭಾಗದಲ್ಲಿ ಏನು ನೋಡಬೇಕು? ನಮ್ಮ ಕಾರ್ಖಾನೆ ಮತ್ತು ಐಟಿ ಪಟ್ಟಿಯಲ್ಲಿ ಬಹಳ ಜನ ಬಾಡಿಗೆಯವರು. ಕರಾರು ಮುಗಿದರೆ ಮನೆ ಬದಲಾಗುತ್ತದೆ. ಬೆಕ್ಕು ತಿಂಗಳುಗಟ್ಟಲೆ ಕೆನ್ನೆ ಉಜ್ಜಿ ತನ್ನದು ಮಾಡಿಕೊಂಡ ಬಾಗಿಲ ಚೌಕಟ್ಟು, ಸೋಫಾದ ಮೂಲೆ ಎಲ್ಲ ಒಂದು ದಿನದಲ್ಲಿ ಹೋಗಿ, ಬೇರೆಯವರ ವಾಸನೆಯ ಗೋಡೆಗಳು ಬರುತ್ತವೆ. ಹೊಸ ಮನೆಗೆ ಬಂದ ದಿನ ಹಳೆಯ ಹಾಸಿಗೆ, ಒಗೆಯದ ಹೊದಿಕೆ, ಅದರದೇ ಲಿಟರ್ ಬಾಕ್ಸ್ ಇಟ್ಟು ಒಂದು ಕೋಣೆಯಲ್ಲಿ ಮೊದಲು ಬಿಡಿ. ಆ ಕೋಣೆ ತನ್ನದಾದ ಮೇಲೆ ಉಳಿದ ಬಾಗಿಲು ತೆರೆಯಿರಿ. ಅಪಾರ್ಟ್‌ಮೆಂಟಿನ ನೆಲಮಹಡಿಯ ಪಾರ್ಕಿಂಗಿನಲ್ಲಿ ಯಾರದೂ ಅಲ್ಲದ ಬೆಕ್ಕುಗಳು ಇದ್ದೇ ಇರುತ್ತವೆ. ಅವುಗಳಿಗೆ ಅನ್ನ ಹಾಕುವ ಕರುಣೆ ದೊಡ್ಡದು, ಆದರೆ ಮೊದಲ ಮಹಡಿಯ ಬಾಲ್ಕನಿಯಿಂದ ಅವನ್ನು ದಿನವಿಡೀ ನೋಡುವ ಮನೆಬೆಕ್ಕಿಗೆ ಅದು ಗಡಿಯ ಸಂಗತಿ. ಅದು ಚಿಮ್ಮಿಸಿದ ಜಾಗ ಕಿಟಕಿಯ ಕೆಳಗೆ, ಬಾಲ್ಕನಿ ಬಾಗಿಲ ಪಕ್ಕ, ಮುಂಬಾಗಿಲ ಹತ್ತಿರ ಇದ್ದರೆ ಕಾರಣ ಹೊರಗಿದೆ ಎಂದು ತಿಳಿಯಬೇಕು. ಕಿಟಕಿಯ ಕೆಳಭಾಗದ ಗಾಜಿಗೆ ಮಬ್ಬು ಹಾಳೆ ಅಂಟಿಸುವುದು, ಬೀದಿ ಬೆಕ್ಕುಗಳಿಗೆ ಊಟ ಕಟ್ಟಡದ ಇನ್ನೊಂದು ಮೂಲೆಗೆ ಒಯ್ಯುವುದು, ಅವುಗಳಿಗೂ ಸೇರಿ ಆಪರೇಷನ್ ಮಾಡಿಸುವುದು, ಇವು ಮಾಡಬಹುದಾದ ಕೆಲಸಗಳು. ಹೊರಗಿನ ಶೂ, ಕಂಪನಿಯ ಬ್ಯಾಗು, ಹೆಲ್ಮೆಟ್ಟು ಬಾಗಿಲ ಬಳಿ ಬಿಚ್ಚಿಡದೆ ಮುಚ್ಚಿದ ಕಪಾಟಿನಲ್ಲಿಡಿ. ಒಂದೇ ಮನೆಯೊಳಗಿನ ಎರಡು ಬೆಕ್ಕುಗಳ ನಡುವೆ ಜಗಳವಿದ್ದರೆ ಚಿಮ್ಮಿಸಿದ ಜಾಗ ಹಜಾರ, ನಡುಮನೆ, ಒಂದು ಇನ್ನೊಂದರ ದಾರಿಗೆ ಅಡ್ಡ ಬರುವ ಕಡೆಗಳಲ್ಲಿ ಕಾಣುತ್ತದೆ. ಆಗ ಊಟದ ತಟ್ಟೆ, ನೀರು, ಲಿಟರ್ ಬಾಕ್ಸ್ ಮೂರನ್ನೂ ಬೇರೆ ಬೇರೆ ಕೋಣೆಗೆ ಹಂಚಬೇಕು, ಹತ್ತುವ ಎತ್ತರದ ಜಾಗಗಳನ್ನು ಹೆಚ್ಚಿಸಬೇಕು.

ಇದಕ್ಕೆಲ್ಲ ಮುಂಚೆ ಒಂದನ್ನು ಖಚಿತಮಾಡಿಕೊಳ್ಳಬೇಕು. ನಿಂತು, ಬಾಲ ಎತ್ತಿ, ಗೋಡೆಗೆ ಸ್ವಲ್ಪವೇ ಹಾರಿಸಿದರೆ ಅದು ಗುರುತು ಹಾಕುವುದು. ಕುಳಿತು ನೆಲದ ಮೇಲೆ, ಹಾಸಿಗೆಯ ಮೇಲೆ ಹೆಚ್ಚು ಮಾಡಿದರೆ ಅದು ಬೇರೆ ವಿಷಯ: ಲಿಟರ್ ಬಾಕ್ಸ್ ಹಿಡಿಸಿಲ್ಲ, ಅಥವಾ ಕಾಯಿಲೆ. ಗಂಡು ಬೆಕ್ಕು ಮತ್ತೆ ಮತ್ತೆ ಕುಳಿತು ಮುಕ್ಕರಿಸಿ, ಹನಿಯೂ ಬರದೆ ಅರಚುತ್ತಿದ್ದರೆ ಮೂತ್ರದ ದಾರಿ ಕಟ್ಟಿರಬಹುದು. ಬೆಳಗಾಗಲಿ ಎಂದು ಕಾಯಬಾರದು, ಒಂದೆರಡು ದಿನದಲ್ಲಿ ಪ್ರಾಣ ಹೋಗುತ್ತದೆ. ಆಪರೇಷನ್‌ಗೆ ನಾಲ್ಕೈದು ತಿಂಗಳ ವಯಸ್ಸು ಸರಿ, ಮೊದಲ ಬೆದೆಗೂ ಮೊದಲ ಚಿಮ್ಮಿಕೆಗೂ ಮುಂಚೆ. ತಾಲ್ಲೂಕಿನ ಸರ್ಕಾರಿ ಪಶು ಆಸ್ಪತ್ರೆಯಲ್ಲೋ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲೋ, ಹತ್ತಿರದ ಖಾಸಗಿ ವೈದ್ಯರಲ್ಲೋ ವಿಚಾರಿಸಿ. ದೊಡ್ಡವನಾಗಿದ್ದರೂ ತಡವಾಯಿತು ಎಂದು ಬಿಡಬೇಡಿ, ಹಾರ್ಟ್ ಲೆಕ್ಕ ಹಾಕಿದ್ದು ದೊಡ್ಡ ಬೆಕ್ಕುಗಳನ್ನೇ. ಫ್ಲುಆಕ್ಸೆಟೀನ್ ವೈದ್ಯರು ತೂಕ ನೋಡಿ ಬರೆದುಕೊಟ್ಟರೆ ಮಾತ್ರ. ಮನೆಯವರ ಮಾತ್ರೆಯನ್ನು ಮುರಿದು ಕೊಡುವುದು ಅಪಾಯ.

ಮೊರಿಯೊಕಾದ ಗುಂಪು ಈಚೆಗೆ ಬೆಕ್ಕಿನಲ್ಲಿ ಅದೇ ಹಳೆಯ ಪ್ರಶ್ನೆಯನ್ನು ಕೇಳಿತು, ಬ್ರಹ್ಮಚಾರಿ ಖೈರಿಯಲ್ಲಿ ಕೇಳಿದ್ದನ್ನು. ಚಿಮ್ಮಿಸಿದ್ದು ಸಾಮಾನ್ಯ ಮೂತ್ರಕ್ಕಿಂತ ಹೆಚ್ಚು ನಾರುತ್ತದಲ್ಲ, ಬೇರೆ ಯಾವುದಾದರೂ ಗ್ರಂಥಿಯ ಸ್ರಾವ ಸೇರುತ್ತದೆಯೇ? ಚಿಮ್ಮಿಸಿದ ದ್ರವವನ್ನೂ ಮೂತ್ರಕೋಶದೊಳಗಿನ ಮೂತ್ರವನ್ನೂ ಹೋಲಿಸಿದಾಗ ವಾಸನೆಯ ವಸ್ತುಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಉತ್ತರವಿದ್ದದ್ದು ಅಂಟುವ ಗುಣದಲ್ಲಿ. ಬೆಕ್ಕಿನ ಮೂತ್ರ ಗೋಡೆಯ ಮೇಲೆ ಹನಿಯಾಗಿ ಜಾರದೆ ತೆಳುವಾಗಿ ಹರಡಿ ಹಿಡಿದುಕೊಳ್ಳುತ್ತದೆ, ಆ ಗುಣ ಕೊಡುವುದೂ ಕಾಕ್ಸಿನ್ನೇ. ಅಗಲವಾಗಿ ಹರಡಿದ ಪದರದಿಂದ ವಾಸನೆ ಹೆಚ್ಚು ಹೊಮ್ಮುತ್ತದೆ.

ಹಾಗಾಗಿ ತೊಳೆಯುವ ಕ್ರಮವೂ ಬದಲಾಗಬೇಕು. ಕಣ್ಣಿಗೆ ಕಂಡ ಕಲೆಯಷ್ಟನ್ನೇ ಒರೆಸಿದರೆ ಸಾಲದು. ಗೋಡೆಯಲ್ಲಿ ಅದರ ಸುತ್ತ ಒಂದು ಗೇಣು, ಕೆಳಗೆ ಸ್ಕರ್ಟಿಂಗ್ ಟೈಲ್ಸಿನ ಸಂದಿನವರೆಗೂ ತೊಳೆಯಬೇಕು. ಕಿಣ್ವವಿರುವ ಬಟ್ಟೆ ಒಗೆಯುವ ಪುಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಹತ್ತಕ್ಕೆ ಒಂದರಂತೆ ಕಲಸಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಶುದ್ಧ ನೀರಿನಲ್ಲಿ ತೊಳೆದು ಒಣಗಿಸಿ, ಕೊನೆಗೆ ಮೆಡಿಕಲ್ ಶಾಪಿನ ಸ್ಪಿರಿಟ್ಟಿನಿಂದ ಒರೆಸಿ. ಬಣ್ಣ ಬಿಡುತ್ತದೆಯೇ ಎಂದು ಮೂಲೆಯಲ್ಲಿ ಮೊದಲು ಪರೀಕ್ಷಿಸಿ. ಒಣಗುವವರೆಗೆ ಬೆಕ್ಕನ್ನು ಆ ಕೋಣೆಗೆ ಬಿಡಬೇಡಿ. ಅಮೋನಿಯಾ ಇರುವ ಕ್ಲೀನರ್ ಬಳಸಿದರೆ ಆ ಜಾಗ ಬೆಕ್ಕಿಗೆ ಮತ್ತೆ ಉಚ್ಚೆಯಂತೆಯೇ ತೋರುತ್ತದೆ. ಕಪ್ಪು ಫಿನಾಯಿಲ್ ಬೇಡವೇ ಬೇಡ. ಅದರಲ್ಲಿರುವ ಫೀನಾಲ್ ಜಾತಿಯ ವಸ್ತುಗಳನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಬಹಳ ಕಡಿಮೆ. ಒರೆಸಿದ ನೆಲದ ಮೇಲೆ ನಡೆದು ಪಂಜ ನೆಕ್ಕಿಕೊಂಡರೆ ಅದು ನೇರ ಹೊಟ್ಟೆಗೆ ಹೋಗುತ್ತದೆ.